ತಿವಿನ್ಸಾದ ಒಂದು ಚದರ ಕಿಲೋಮೀಟರ್

ದಕ್ಷಿಣ ಅಮೆರಿಕದ ಪೆರು ದೇಶದ ಕಾಡಿನೊಳಗೆ ತಿವಿನ್ಸಾ ಎಂಬ ಒಂದು ಚದರ ಕಿಲೋಮೀಟರ್ ಜಾಗವಿದೆ. ನೆಲ ಪೆರುವಿನದು, ನಡೆಯುವುದು ಪೆರುವಿನ ಕಾನೂನು. ಆದರೆ ಅದರ ಮಾಲೀಕ ಪಕ್ಕದ ಈಕ್ವೆಡಾರ್ ದೇಶದ ಸರ್ಕಾರ. ನಾವು ನೀವು ಸೈಟನ್ನೋ ತೋಟವನ್ನೋ ಇಟ್ಟುಕೊಂಡಂತೆ, ಒಂದು ದೇಶ ಇನ್ನೊಂದು ದೇಶದೊಳಗೆ ಖಾಸಗಿ ಜಮೀನು ಇಟ್ಟುಕೊಂಡಿದೆ. ಅದನ್ನು ಮಾರುವಂತಿಲ್ಲ, ಬೇರೆಯವರಿಗೆ ಪರಭಾರೆ ಮಾಡುವಂತಿಲ್ಲ. ಈಕ್ವೆಡಾರಿನ ಪೊಲೀಸರಿಗೆ, ಸೈನಿಕರಿಗೆ ಅಲ್ಲಿ ಯಾವ ಅಧಿಕಾರವೂ ಇಲ್ಲ. ಮಡಿದವರ ನೆನಪಿನ ಕಾರ್ಯಕ್ರಮಕ್ಕೆ ಮಾತ್ರ, ಅದೂ ಪೆರುವಿನೊಡನೆ ಮಾತಾಡಿಕೊಂಡು, ಅವರು ಬರಬಹುದು. ಗಡಿಯಿಂದ ಅಲ್ಲಿಗೆ ಹೋಗಲು ಐದು ಮೀಟರ್ ಅಗಲ ಮೀರದ ಒಂದು ದಾರಿ.

ಈ ಕರಾರಿಗೆ 1998ರ ಅಕ್ಟೋಬರ್ 26ರಂದು ಬ್ರೆಜಿಲ್‌ನ ರಾಜಧಾನಿ ಬ್ರೆಸಿಲಿಯಾದಲ್ಲಿ ಎರಡೂ ದೇಶಗಳ ಅಧ್ಯಕ್ಷರು ಸಹಿ ಹಾಕಿದರು. ಅದಕ್ಕೆ ಮೂರೂವರೆ ವರ್ಷ ಹಿಂದೆ ಇದೇ ತಿವಿನ್ಸಾಕ್ಕಾಗಿ ಅವರ ಸೈನಿಕರು ಮಳೆಕಾಡಿನಲ್ಲಿ ಒಬ್ಬರನ್ನೊಬ್ಬರು ಕೊಂದಿದ್ದರು. ಅದಕ್ಕೂ ಹಿಂದೆ 1941ರಲ್ಲಿ, 1981ರಲ್ಲಿ ಹೊಡೆದಾಡಿದ್ದರು. ಜಗಳದ ಬೇರು ಸ್ಪೇನಿನ ವಸಾಹತು ಕಾಲದ ಕಾಗದಪತ್ರಗಳವರೆಗೆ ಹೋಗುತ್ತದೆ. 1998ರ ನಂತರ ಮಾತ್ರ ಆ ಗಡಿಯಲ್ಲಿ ಯುದ್ಧ ಮರುಕಳಿಸಿಲ್ಲ.

ನೆರೆಯ ಎರಡು ದೇಶಗಳು ನೆಲಕ್ಕಾಗಿ ಹಗೆ ಸಾಧಿಸುತ್ತಿರುವಾಗ ಅವು ಎಂದಾದರೂ ರಾಜಿಯಾಗುತ್ತವೆಯೇ ಎಂಬ ಪ್ರಶ್ನೆಗೆ ನನಗೆ ಈ ಒಂದು ಚದರ ಕಿಲೋಮೀಟರ್ ನೆನಪಾಗುತ್ತದೆ. ನಮ್ಮ ಪಹಣಿಯಲ್ಲಿ ಮಾಲೀಕನ ಹೆಸರಿಗೆ ಒಂದು ಕಾಲಂ, ಸಾಗುವಳಿ ಮಾಡುವವನ ಹೆಸರಿಗೆ ಇನ್ನೊಂದು ಕಾಲಂ ಇರುತ್ತದೆ. ಜಮೀನು ಒಂದೇ, ಅದರ ಮೇಲಿನ ಹಕ್ಕು ಹಲವು. ದಾರಿಯ ಹಕ್ಕು ಒಬ್ಬರದು, ಬಾವಿಯ ನೀರಿನ ಪಾಲು ಇನ್ನೊಬ್ಬರದು, ಹಿರಿಯರ ಸಮಾಧಿಗೆ ವರ್ಷಕ್ಕೊಮ್ಮೆ ಬಂದು ದೀಪ ಹಚ್ಚುವ ಹಕ್ಕು ಮತ್ತೊಬ್ಬರದು. ದೇಶಗಳ ಜಗಳ ಕಗ್ಗಂಟಾಗುವುದು ಇವೆಲ್ಲವನ್ನೂ 'ನಮ್ಮ ನೆಲ' ಎಂಬ ಒಂದೇ ಮಾತಿನೊಳಗೆ ಕಟ್ಟಿಹಾಕಿದಾಗ. ಆಳುವ ಅಧಿಕಾರ, ಒಡೆತನ, ಓಡಾಟ, ವ್ಯಾಪಾರ, ಸತ್ತವರ ಮರ್ಯಾದೆ ಎಂದು ಅದನ್ನು ಬಿಡಿಸಿಟ್ಟರೆ ಇಬ್ಬರಿಗೂ ಕೊಡಲು ಏನಾದರೂ ಸಿಗುತ್ತದೆ. ಹೇಳಲು ಇಷ್ಟು ಸುಲಭ. ಇದನ್ನು ಮಾಡಿ ತೋರಿಸಲು ಈಕ್ವೆಡಾರ್ ಮತ್ತು ಪೆರು ಏನೇನು ಮಾಡಬೇಕಾಯಿತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮೊದಲು ಜಗಳದ ಹುಟ್ಟು. 1941ರ ಯುದ್ಧದಲ್ಲಿ ಪೆರು ಗೆದ್ದಿತು. 1942ರ ಜನವರಿ 29ರಂದು ರಿಯೊ ಡಿ ಜನೈರೊದಲ್ಲಿ ಒಪ್ಪಂದವಾಯಿತು. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿ ಎರಡು ತಿಂಗಳೂ ಆಗಿರಲಿಲ್ಲ. ಅಮೆರಿಕ ಖಂಡದ ದೇಶಗಳೆಲ್ಲ ಒಂದಾಗಿ ನಿಲ್ಲಬೇಕಾದ ಹೊತ್ತಿನಲ್ಲಿ ಇಬ್ಬರು ಸಣ್ಣವರ ಜಗಳಕ್ಕೆ ಯಾರಿಗೂ ತಾಳ್ಮೆ ಇರಲಿಲ್ಲ. ತನ್ನದೆಂದು ಹೇಳಿಕೊಳ್ಳುತ್ತಿದ್ದ ಅಮೆಜಾನ್ ಕಾಡಿನ ಬಹುಭಾಗವನ್ನು ಈಕ್ವೆಡಾರ್ ಬಿಟ್ಟುಕೊಡಬೇಕಾಯಿತು. ಅರ್ಜೆಂಟೀನಾ, ಬ್ರೆಜಿಲ್, ಚಿಲಿ, ಅಮೆರಿಕ ಈ ನಾಲ್ಕು ದೇಶಗಳು ಒಪ್ಪಂದಕ್ಕೆ ಜಾಮೀನು ನಿಂತವು. ಗಡಿಯಲ್ಲಿ ಕಲ್ಲು ನೆಡುವ ಕೆಲಸ ಮುಗಿಯುವವರೆಗೆ ನಮ್ಮ ಜವಾಬ್ದಾರಿ ಮುಗಿಯುವುದಿಲ್ಲ ಎಂದು ಅವು ಬರೆದುಕೊಟ್ಟವು. ಆ ಒಂದು ವಾಕ್ಯ ಐವತ್ತಕ್ಕೂ ಹೆಚ್ಚು ವರ್ಷಗಳ ನಂತರ ಕೆಲಸಕ್ಕೆ ಬಂದಿತು.

ಒಪ್ಪಂದದಲ್ಲಿ ಒಂದು ಕಡೆ, ಸಮೋರಾ ಮತ್ತು ಸಾಂತಿಯಾಗೊ ನದಿಗಳ ನಡುವಿನ ಜಲವಿಭಜಕವೇ ಗಡಿ ಎಂದು ಬರೆದಿತ್ತು. ಜಲವಿಭಜಕ ಎಂದರೆ ಬಿದ್ದ ಮಳೆ ಎರಡು ದಿಕ್ಕಿಗೆ ಹಂಚಿಹೋಗುವ ಏಣು. ನಮ್ಮ ಸಕಲೇಶಪುರದ ಬಿಸ್ಲೆ ಘಾಟಿಯ ಬಳಿ ಮಂಕನಹಳ್ಳಿಯಲ್ಲಿ ಅಂಥದೊಂದು ಜಾಗ ನೋಡಲು ಸಿಗುತ್ತದೆ. ಅಲ್ಲಿ ನೆಟ್ಟ ಕಲ್ಲಿನ ಒಂದು ಮಗ್ಗುಲಿಗೆ ಬಿದ್ದ ಹನಿ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಬಂಗಾಳಕೊಲ್ಲಿಗೆ. ಗಡಿ ಗುರುತಿಸಲು ಇದಕ್ಕಿಂತ ನ್ಯಾಯವಾದ ಗೆರೆ ಇರಲಾರದು, ಬೆಟ್ಟವೇ ಹಾಕಿಕೊಟ್ಟ ಗೆರೆ. ಆದರೆ ರಿಯೊದಲ್ಲಿ ಕುಳಿತವರ ಕೈಯಲ್ಲಿ ಆ ಕಾಡಿನ ಸರಿಯಾದ ನಕ್ಷೆ ಇರಲಿಲ್ಲ. ಕೆಲವು ವರ್ಷಗಳ ನಂತರ ಅಮೆರಿಕದ ವಿಮಾನಗಳು ಮೇಲಿನಿಂದ ಫೋಟೊ ತೆಗೆದಾಗ, ಆ ಎರಡು ನದಿಗಳ ನಡುವೆ ಸೆನೆಪಾ ಎಂಬ ಮೂರನೆಯ ನದಿ ಎಲ್ಲರೂ ಅಂದುಕೊಂಡಿದ್ದಕ್ಕಿಂತ ಬಹಳ ಉದ್ದಕ್ಕೆ ಹರಿಯುತ್ತಿರುವುದು ಕಂಡಿತು. ನಡುವೆ ಒಂದು ನದಿ ಬಂದರೆ ಏಣು ಒಂದಲ್ಲ, ಎರಡು. ಹಾಗಾದರೆ ಒಪ್ಪಂದ ಹೇಳುವ ಗೆರೆ ಯಾವುದು?

ಬ್ರೆಜಿಲ್‌ನ ನೌಕಾಪಡೆಯ ಅಧಿಕಾರಿ ಬ್ರಾಸ್ ಡಿಯಾಸ್ ಡಿ ಅಗಿಯಾರ್ 1945ರಲ್ಲೇ ಈ ಭಾಗದ ಬಗ್ಗೆ ಒಂದು ತೀರ್ಪು ಕೊಟ್ಟಿದ್ದರು. ಅದರಂತೆ ಕೊಂಡೊರ್ ಬೆಟ್ಟಸಾಲಿನ ನೆತ್ತಿಯೇ ಗಡಿ ಎಂದು ಪೆರು ವಾದಿಸಿತು. ಒಪ್ಪಂದ ಹೇಳಿದ ವಸ್ತುವೇ ಅಲ್ಲಿಲ್ಲದ ಮೇಲೆ ಅದನ್ನು ಜಾರಿ ಮಾಡುವುದು ಹೇಗೆ ಎಂದು ಈಕ್ವೆಡಾರ್ ಕೇಳಿತು. ಸುಮಾರು ಒಂದೂವರೆ ಸಾವಿರ ಕಿಲೋಮೀಟರ್ ಗಡಿಯಲ್ಲಿ ಉಳಿದೆಡೆಯೆಲ್ಲ ಬಾಂದುಕಲ್ಲುಗಳು ನಿಂತವು. 78 ಕಿಲೋಮೀಟರ್ ಮಾತ್ರ ಬರಿದಾಗಿ ಉಳಿಯಿತು. 1960ರಲ್ಲಿ ಈಕ್ವೆಡಾರಿನ ಅಧ್ಯಕ್ಷ ವೆಲಾಸ್ಕೊ ಇಬಾರಾ ಇಡೀ ಒಪ್ಪಂದವೇ ಅಸಿಂಧು ಎಂದು ಘೋಷಿಸಿದರು.

ಅಲ್ಲಿಂದ ಮುಂದೆ ಜಗಳ ನೆಲವನ್ನು ಬಿಟ್ಟು ತಲೆಯೊಳಗೆ ಹೋಗಿ ಕೂತಿತು. ಅಮೆಜಾನ್ ನದಿಯನ್ನು ಕಂಡುಹಿಡಿದ ಸ್ಪೇನಿನವರ ದಂಡು ಹೊರಟಿದ್ದು ತಮ್ಮ ಕೀಟೊ ನಗರದಿಂದ ಎಂಬುದು ಈಕ್ವೆಡಾರಿನವರ ಹೆಮ್ಮೆ. ಹಿಂದೆಯೂ ಇಂದೂ ಮುಂದೂ ನಾವು ಅಮೆಜಾನ್ ದೇಶ ಎಂಬ ಘೋಷಣೆಯನ್ನು ಸರ್ಕಾರಿ ಕಾಗದಗಳ ಮೇಲೆ ಅಚ್ಚು ಹಾಕುತ್ತಿದ್ದರು. ಶಾಲೆಯ ಗೋಡೆಯ ನಕ್ಷೆಯಲ್ಲಿ ದೇಶ ಅಮೆಜಾನಿನವರೆಗೂ ಹರಡಿಕೊಂಡಿರುತ್ತಿತ್ತು. ಕಳೆದುಕೊಂಡ ಭಾಗದ ಮೇಲೆ ರಿಯೊ ಒಪ್ಪಂದದ ಗೆರೆ ಗಾಯದ ಗುರುತಿನಂತೆ. ಆ ನಕ್ಷೆ ನೋಡುತ್ತ ಬೆಳೆದ ಮಗು ದೊಡ್ಡದಾಗಿ ಮಂತ್ರಿಯಾದರೂ ಅದರ ಎದೆಯೊಳಗಿನ ದೇಶದ ಆಕಾರ ಅದೇ ಆಗಿರುತ್ತದೆ. ಪೆರುವಿನಲ್ಲಿ ಇದಕ್ಕೆ ತದ್ವಿರುದ್ಧ. ಗಡಿ 1942ರಲ್ಲೇ ತೀರ್ಮಾನವಾಗಿದೆ, ಹಾಗಾಗಿ ವಿವಾದವೆಂಬುದೇ ಇಲ್ಲ ಎಂಬುದು ಅಲ್ಲಿನ ಅಧಿಕೃತ ನಿಲುವು. ಒಬ್ಬರಿಗೆ ಒಪ್ಪಂದವೇ ಇಲ್ಲ, ಇನ್ನೊಬ್ಬರಿಗೆ ಸಮಸ್ಯೆಯೇ ಇಲ್ಲ. ಹೀಗಿರುವಾಗ ಮಾತುಕತೆಯನ್ನು ಯಾವುದರ ಬಗ್ಗೆ ಶುರು ಮಾಡುವುದು? ಜಗತ್ತಿನ ಹೆಚ್ಚಿನ ಗಡಿ ವಿವಾದಗಳು ದಶಕಗಟ್ಟಲೆ ನಿಂತುಬಿಡುವುದು ಇಂಥ ಜಾಗದಲ್ಲೇ.

1995ರ ಜನವರಿ ಕೊನೆಯಲ್ಲಿ ಸೆನೆಪಾ ನದಿಯ ತಲೆಯಲ್ಲಿ ಯುದ್ಧ ಹೊತ್ತಿಕೊಂಡಿತು. ದಟ್ಟ ಕಾಡು, ಬಿಡದ ಮಳೆ, ಹೆಜ್ಜೆ ಇಟ್ಟಲ್ಲಿ ನೆಲಬಾಂಬು. ಹಿಂದಿನಂತೆ ಈ ಸಲ ಈಕ್ವೆಡಾರ್ ಸುಲಭವಾಗಿ ಸೋಲಲಿಲ್ಲ. ತಿವಿನ್ಸಾ ಎಂಬ ಸಣ್ಣ ನೆಲೆಯನ್ನು ಹಿಡಿದು ನಿಂತಿತು. ಅದನ್ನು ತಾನು ವಶಪಡಿಸಿಕೊಂಡೆ ಎಂದು ಪೆರು ಸಾರಿತು. ಒಂದು ಸಲ ಈಕ್ವೆಡಾರಿಗೆ ತಲೆ ಎತ್ತಿ ನಿಂತ ಸಮಾಧಾನ ಸಿಕ್ಕಿದ್ದು ಮುಂದಿನ ರಾಜಿಗೆ ದಾರಿ ಮಾಡಿತು ಎಂದು ನನಗನಿಸುತ್ತದೆ. ಸೋತವನು ಕೊಟ್ಟರೆ ಅದು ಶರಣಾಗತಿ. ಸೋಲದೆ ನಿಂತವನು ಕೊಟ್ಟರೆ ಅದಕ್ಕೆ ಒಪ್ಪಂದ ಎನ್ನಬಹುದು. ಇದೇ ಹೊತ್ತಿನಲ್ಲಿ ಈಕ್ವೆಡಾರಿನ ಅಧ್ಯಕ್ಷ ಸಿಕ್ಸ್ಟೊ ದುರಾನ್ ಬಾಯೆನ್ ಜಾಮೀನು ನಿಂತ ದೇಶಗಳನ್ನು ನಡುವೆ ಬರುವಂತೆ ಕೇಳಿಕೊಂಡರು. ಹಾಗೆ ಕೇಳಬೇಕೆಂದರೆ ಆ ಜಾಮೀನಿಗೆ ಆಧಾರವಾದ 1942ರ ಒಪ್ಪಂದವನ್ನು ಒಪ್ಪಲೇಬೇಕು. ಮೂವತ್ತೈದು ವರ್ಷದ ನಿಲುವನ್ನು ಅವರು ಬಿಟ್ಟುಕೊಟ್ಟರು. ಪೆರು ಕೂಡ ತನ್ನ ಕಡೆಯಿಂದ, ಬಗೆಹರಿಯದ ಕೆಲವು ವಿಷಯಗಳಿವೆ ಎಂದು ಒಪ್ಪಿಕೊಂಡಿತು. ಒಬ್ಬರು ಒಪ್ಪಂದ ಇದೆ ಎಂದರು, ಇನ್ನೊಬ್ಬರು ಸಮಸ್ಯೆ ಇದೆ ಎಂದರು. ಈ ಎರಡು ಮಾತುಗಳಿಲ್ಲದೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

1995ರ ಫೆಬ್ರುವರಿ 17ರಂದು ಬ್ರೆಜಿಲ್‌ನ ವಿದೇಶಾಂಗ ಕಚೇರಿ ಇಟಮರಾಚಿಯಲ್ಲಿ ಕದನವಿರಾಮದ ಘೋಷಣೆಗೆ ಸಹಿಯಾಯಿತು. ಆಮೇಲೂ ಗುಂಡು ಹಾರಿತು. ತಿಂಗಳ ಕೊನೆಗೆ ಮೊಂಟೆವಿಡಿಯೊದಲ್ಲಿ ಮತ್ತೊಮ್ಮೆ ಮಾತು ಕೊಡಬೇಕಾಯಿತು. ಮೊದಲ ಕದನವಿರಾಮ ಮುರಿದುಬಿದ್ದ ಕೂಡಲೇ ಇವರ ಕೈಯಲ್ಲಿ ಆಗುವುದಿಲ್ಲ ಎಂದು ಷರಾ ಬರೆದುಬಿಡುವ ನಮ್ಮ ಟಿವಿ ಚರ್ಚೆಗಳು ಇದನ್ನು ಗಮನಿಸಬೇಕು. ನಂತರ ನಾಲ್ಕು ದೇಶಗಳ ಸೇನಾ ವೀಕ್ಷಕರು ಕಾಡಿಗೆ ಬಂದರು. ಸಾವಿರಾರು ಸೈನಿಕರನ್ನು ಹಂತಹಂತವಾಗಿ ಹಿಂದೆ ಕಳುಹಿಸಿ 528 ಚದರ ಕಿಲೋಮೀಟರ್ ಪ್ರದೇಶವನ್ನು ಸೇನೆ ಇಲ್ಲದ ವಲಯ ಮಾಡಿದರು. ಈ ವೀಕ್ಷಣೆಯ ವ್ಯವಸ್ಥೆಯಲ್ಲಿ ಎರಡು ವಿಷಯಗಳು ನನಗೆ ಬಹಳ ಮುಖ್ಯವಾಗಿ ಕಾಣುತ್ತವೆ. ಒಂದು, ಖರ್ಚನ್ನು ಭರಿಸಿದ್ದು ಈಕ್ವೆಡಾರ್ ಮತ್ತು ಪೆರು. ಕೈಯಿಂದ ಹಣ ಕೊಟ್ಟವನಿಗೆ ಕೆಲಸ ಮುಗಿಯಲಿ ಎಂಬ ಆತುರ ಇರುತ್ತದೆ. ಇನ್ನೊಂದು, ಸ್ವಲ್ಪ ಕಾಲದ ನಂತರ ಎರಡೂ ದೇಶಗಳ ಅಧಿಕಾರಿಗಳೇ ವೀಕ್ಷಕರ ಜೊತೆ ಸೇರಿಕೊಂಡರು. ನಿನ್ನೆ ಎದುರಾಬದುರು ಗುರಿ ಇಟ್ಟಿದ್ದವರು ಒಂದೇ ಹೆಲಿಕಾಪ್ಟರಿನಲ್ಲಿ ಕುಳಿತು ಅದೇ ಕಾಡನ್ನು ಮೇಲಿನಿಂದ ನೋಡಿದರು. ಒಬ್ಬರ ಮಾತನ್ನು ಇನ್ನೊಬ್ಬರು ನಂಬಬೇಕಾದ ಪ್ರಸಂಗ ಬರಲಿಲ್ಲ, ಇಬ್ಬರೂ ಕಣ್ಣಾರೆ ಕಂಡರು.

ಆಮೇಲಿನದು ಬೇಸರ ಹಿಡಿಸುವ ಕೆಲಸ, ಆದರೆ ನಿಜವಾದ ಕೆಲಸ. 1996ರ ಮಾರ್ಚಿನಲ್ಲಿ ಎರಡೂ ಕಡೆಯವರು ನಮ್ಮ ಪ್ರಕಾರ ಬಗೆಹರಿಯದ ಗಂಟುಗಳು ಇವು ಎಂದು ಪಟ್ಟಿ ಬರೆದು ವಿನಿಮಯ ಮಾಡಿಕೊಂಡರು. ಜಗಳಕ್ಕೆ ಮೊದಲ ಬಾರಿ ಒಂದು ಅಳತೆ ಸಿಕ್ಕಿತು. 'ನಮ್ಮ ಅಮೆಜಾನ್' ಎಂಬ ಕೊನೆಯಿಲ್ಲದ ನೋವು ಕಾಗದದ ಮೇಲೆ ಎಣಿಸಬಹುದಾದ ಕೆಲವು ಸಾಲುಗಳಾಯಿತು. 1998ರ ಆರಂಭದಲ್ಲಿ ಕೆಲಸವನ್ನು ನಾಲ್ಕು ಮೇಜುಗಳಿಗೆ ಹಂಚಿದರು. ವ್ಯಾಪಾರ ಮತ್ತು ನದಿ ಸಂಚಾರದ ಮಾತುಕತೆ ಬ್ಯೂನಸ್ ಐರಿಸ್‌ನಲ್ಲಿ, ಗಡಿ ಜಿಲ್ಲೆಗಳ ಅಭಿವೃದ್ಧಿ ವಾಷಿಂಗ್ಟನ್‌ನಲ್ಲಿ, ಸೇನೆಗಳ ನಡುವೆ ನಂಬಿಕೆ ಬೆಳೆಸುವ ವಿಷಯ ಚಿಲಿಯ ಸಾಂತಿಯಾಗೊ ನಗರದಲ್ಲಿ, ಗಡಿ ರೇಖೆ ಮಾತ್ರ ಬ್ರೆಸಿಲಿಯಾದಲ್ಲಿ. ಮೊದಲ ಮೂರು ಮೇಜುಗಳಲ್ಲಿ ಒಪ್ಪಿಗೆಗಳು ಒಂದೊಂದಾಗಿ ಜಮೆಯಾದವು. ಗಡಿ ರೇಖೆ ಕೊನೆಗೆ ಉಳಿಯಿತು. ಅಷ್ಟರೊಳಗೆ ಎದ್ದುಹೋದರೆ ಎರಡೂ ಕಡೆಯವರು ಕಳೆದುಕೊಳ್ಳಬೇಕಾದ ಗಂಟು ದೊಡ್ಡದಾಗಿತ್ತು. ನಮ್ಮ ಹಳ್ಳಿಗಳಲ್ಲಿ ಭಾಗ ಮಾಡುವ ಹಿರಿಯರಿಗೆ ಇದು ಗೊತ್ತು. ಪಾತ್ರೆಪಗಡ, ದನಕರು, ಬಣವೆ ಎಲ್ಲ ಹಂಚಿದ ಮೇಲೆ ತೋಟದ ಬದುವಿನ ಮಾತು ತೆಗೆಯುತ್ತಾರೆ.

ಆದರೂ 1998ರ ಆಗಸ್ಟಿನಲ್ಲಿ ಎಲ್ಲ ಹಾಳಾಗುವಂತಿತ್ತು. ತಜ್ಞರು ಕೊಟ್ಟ ಅಭಿಪ್ರಾಯ ಬೆಟ್ಟಸಾಲಿನ ವಿಷಯದಲ್ಲಿ ಪೆರುವಿನ ವಾದದತ್ತ ವಾಲಿತ್ತು. ಸೈನಿಕರು ಮತ್ತೆ ಎದುರುಬದುರಾದರು. ಆ ಹೊತ್ತಿಗೆ ಸರಿಯಾಗಿ ಆಗಸ್ಟ್ 10ರಂದು ಹಮಿಲ್ ಮವಾದ್ ಈಕ್ವೆಡಾರಿನ ಅಧ್ಯಕ್ಷರಾದರು. ಅವರು ಹಾರ್ವರ್ಡ್‌ನಲ್ಲಿ ಸಂಧಾನದ ಪಾಠ ಹೇಳುತ್ತಿದ್ದ ರಾಜರ್ ಫಿಶರ್ ಅವರ ವಿದ್ಯಾರ್ಥಿ. ಪೆರುವಿನ ಅಧ್ಯಕ್ಷ ಆಲ್ಬರ್ಟೊ ಫುಜಿಮೋರಿ ಅಧಿಕಾರಕ್ಕೆ ಬಂದು ಎಂಟು ವರ್ಷವಾಗಿತ್ತು. ಅಧಿಕಾರ ಹಿಡಿದ ಕೆಲವೇ ದಿನಗಳಲ್ಲಿ ಮವಾದ್ ಫುಜಿಮೋರಿಯವರನ್ನು ಕಂಡು, ವಾದ ಮಂಡಿಸುವ ಬದಲು, ನನಗಿಂತ ಅನುಭವ ಇರುವವರು ನೀವು, ಹೇಗೆ ಮುಂದುವರಿಯೋಣ ಎಂದು ಸಲಹೆ ಕೇಳಿದರು. ಇಬ್ಬರೂ ಅಕ್ಕಪಕ್ಕ ಕುಳಿತು ಒಂದೇ ಕಾಗದ ನೋಡುತ್ತಿರುವ ಫೋಟೊ ಎರಡೂ ದೇಶಗಳ ಜನರ ಕಣ್ಣಿಗೆ ಬಿತ್ತು. ಎದುರಾಳಿಗಳು ಕೈ ಕುಲುಕಿ ಕ್ಯಾಮೆರಾ ನೋಡುವ ಚಿತ್ರಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಕೈ ಕುಲುಕುವುದನ್ನು ಜನ ನಾಟಕ ಎಂದುಕೊಳ್ಳುತ್ತಾರೆ, ಅದಕ್ಕೆ ಕಾರಣವೂ ಇದೆ. ಒಟ್ಟಿಗೆ ಲೆಕ್ಕ ಬಿಡಿಸುವವರನ್ನು ಕಂಡಾಗ ಜನರ ಮನಸ್ಸಿನಲ್ಲಿ ಮೂಡುವ ಭಾವನೆಯೇ ಬೇರೆ.

ಕೊನೆಯ ಗೆರೆಯನ್ನು ಎಳೆಯಲು ಇಬ್ಬರಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಎಳೆದವನನ್ನು ಅವನ ದೇಶ ದ್ರೋಹಿ ಎನ್ನುತ್ತಿತ್ತು. ಹಾಗಾಗಿ ಲೇಖನಿಯನ್ನು ಜಾಮೀನುದಾರರ ಕೈಗೆ ಕೊಟ್ಟರು. ಅವರೂ ಹುಷಾರಾಗಿದ್ದರು. ನಮ್ಮ ತೀರ್ಮಾನ ಏನೇ ಇರಲಿ ಪಾಲಿಸುತ್ತೇವೆ ಎಂದು ನಿಮ್ಮ ಸಂಸತ್ತುಗಳು ಮೊದಲೇ ಒಪ್ಪಬೇಕು, ಆಮೇಲೆ ಲಕೋಟೆ ತೆರೆಯುತ್ತೇವೆ ಎಂದರು. ಅಕ್ಟೋಬರ್ 16ರಂದು ಕೀಟೊ ಮತ್ತು ಲಿಮಾದ ಸಂಸತ್ತುಗಳು ಒಳಗೇನಿದೆ ಎಂದು ನೋಡದೆಯೇ ಒಪ್ಪಿಗೆ ಕೊಟ್ಟವು. ಒಂದು ವಾರದ ನಂತರ ತೀರ್ಮಾನ ಹೊರಬಿತ್ತು. ಗಡಿ ರೇಖೆ ಪೆರು ಹೇಳಿದಂತೆ ಕೊಂಡೊರ್ ಬೆಟ್ಟದ ನೆತ್ತಿಯ ಮೇಲೆ. ತಿವಿನ್ಸಾದ ಒಂದು ಚದರ ಕಿಲೋಮೀಟರ್ ಈಕ್ವೆಡಾರಿನ ಖಾಸಗಿ ಸ್ವತ್ತು, ಏಕೆಂದರೆ ಅದರ ಯೋಧರು ಮಣ್ಣಾದದ್ದು ಅಲ್ಲಿ. ಅಮೆಜಾನ್ ಮತ್ತು ಅದರ ಉಪನದಿಗಳಲ್ಲಿ ಈಕ್ವೆಡಾರಿನ ದೋಣಿಗಳಿಗೆ ಎಂದೆಂದಿಗೂ ತಡೆಯಿಲ್ಲದ ಸಂಚಾರ, ನದಿ ದಡದಲ್ಲಿ ಎರಡು ವ್ಯಾಪಾರ ಕೇಂದ್ರಗಳು. ಬೆಟ್ಟದ ಎರಡೂ ಮಗ್ಗುಲಲ್ಲಿ ಒಂದಕ್ಕೊಂದು ಅಂಟಿದ ಸಂರಕ್ಷಿತ ಕಾಡು. ಎರಡೂ ಕಡೆ ಹಂಚಿಹೋಗಿದ್ದ ಆದಿವಾಸಿಗಳು ಆ ಕಾಡುಗಳ ನಡುವೆ ಓಡಾಡಬಹುದು. ಗಡಿ ಜಿಲ್ಲೆಗಳ ರಸ್ತೆ, ನೀರಾವರಿ, ಶಾಲೆಗಳಿಗೆ ಹತ್ತು ವರ್ಷಗಳಲ್ಲಿ 300 ಕೋಟಿ ಡಾಲರಿನ ಯೋಜನೆ.

ಪೆರುವಿಗೆ ಆಳುವ ಅಧಿಕಾರ ಸಿಕ್ಕಿತು. ಈಕ್ವೆಡಾರಿಗೆ ಮಾನ ಸಿಕ್ಕಿತು, ಜೊತೆಗೆ ಅಮೆಜಾನಿಗೆ ದಾರಿಯೂ. ಇಬ್ಬರಿಗೂ ನೋವಾಯಿತು. ಪೆರುವಿನ ವಿದೇಶಾಂಗ ಸಚಿವ ಎಡ್ವಾರ್ಡೊ ಫೆರೆರೊ ಆ ತಿಂಗಳೇ ರಾಜೀನಾಮೆ ಕೊಟ್ಟರು. ಅಮೆಜಾನ್ ದಡದ ಇಕಿಟೋಸ್ ನಗರದಲ್ಲಿ ಜನ ಬೀದಿಗಿಳಿದು ಸರ್ಕಾರಿ ಕಟ್ಟಡಗಳಿಗೆ ಬೆಂಕಿ ಹಚ್ಚಿದರು, ಜೀವಗಳೂ ಹೋದವು. ಮುಂದೆ 2000ದಲ್ಲಿ ಬ್ಯಾಂಕುಗಳ ದಿವಾಳಿಯ ಗದ್ದಲದಲ್ಲಿ ಮವಾದ್ ಪದಚ್ಯುತರಾದರು. ಅದೇ ವರ್ಷ ಫುಜಿಮೋರಿ ದೇಶ ಬಿಟ್ಟು ಜಪಾನಿಗೆ ಹೋದರು. ಸಹಿ ಹಾಕಿದ ಇಬ್ಬರೂ ಕುರ್ಚಿಯಲ್ಲಿ ಉಳಿಯಲಿಲ್ಲ, ಒಪ್ಪಂದ ಉಳಿಯಿತು. 1999ರ ಮೇ ತಿಂಗಳಲ್ಲಿ ಕೊನೆಯ ಬಾಂದುಕಲ್ಲು ನೆಟ್ಟರು. 2007ರಿಂದ ಎರಡೂ ದೇಶಗಳ ಸಚಿವ ಸಂಪುಟಗಳು ಒಟ್ಟಿಗೆ ಸಭೆ ಸೇರತೊಡಗಿದವು. 2011ರಲ್ಲಿ ಸಮುದ್ರದ ಗಡಿಯನ್ನು ಬರೀ ಪತ್ರ ವಿನಿಮಯದಲ್ಲಿ ಮುಗಿಸಿದರು. ಐವತ್ತು ವರ್ಷ ನೆಲದ ಮೇಲಿನ ಗೆರೆಗೆ ಹೊಡೆದಾಡಿದವರಿಗೆ ನೀರಿನ ಮೇಲಿನ ಗೆರೆಗೆ ಸೈನ್ಯ ಬೇಕಾಗಲಿಲ್ಲ.

ಎಲ್ಲವೂ ಚೆಂದವಾಗಲಿಲ್ಲ ಎಂಬುದನ್ನೂ ಹೇಳಬೇಕು. ಹೂತಿಟ್ಟ ನೆಲಬಾಂಬುಗಳನ್ನು ಹೆಕ್ಕುವ ಕೆಲಸ ಎರಡು ದಶಕ ಮೀರಿತು. ಮಳೆಗೆ ಮಣ್ಣು ಜರುಗಿ ಬಾಂಬುಗಳು ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿ ಇರುತ್ತಿರಲಿಲ್ಲ. ಇನ್ನು ಕೊಂಡೊರ್ ಬೆಟ್ಟದ ಅಡಿಯಲ್ಲಿ ಚಿನ್ನ, ತಾಮ್ರ ಇದೆ. ಸೈನಿಕರು ಹೋದ ಕಡೆ ಗಣಿಯವರು ಬಂದರು. ಪೆರು ತನ್ನ ಕಡೆಯ ರಾಷ್ಟ್ರೀಯ ಉದ್ಯಾನವನ್ನು ಮೊದಲು ಮಾತಾಗಿದ್ದಕ್ಕಿಂತ ಚಿಕ್ಕದಾಗಿಸಿ ಘೋಷಿಸಿದಾಗ ಅವಾಹುನ್ ಮತ್ತು ವಂಪಿಸ್ ಆದಿವಾಸಿಗಳು, ನಮ್ಮನ್ನು ಕೇಳಿ ಒಪ್ಪಿಸಿ ಆಮೇಲೆ ಮಾತು ತಪ್ಪಿದಿರಿ ಎಂದು ಸಿಟ್ಟಾದರು. ಯುದ್ಧದಲ್ಲಿ ಎರಡೂ ಸೇನೆಗಳಿಗೆ ದಾರಿ ತೋರಿದ್ದು ಈ ಕಾಡಿನ ಮಕ್ಕಳೇ. ನಾಲ್ಕು ಮೇಜುಗಳಲ್ಲಿ ಒಂದರಲ್ಲೂ ಅವರಿಗೆ ಕುರ್ಚಿ ಇರಲಿಲ್ಲ. ಈ ಒಪ್ಪಂದವನ್ನು ಎಷ್ಟು ಮೆಚ್ಚಿದರೂ ಆ ಕೊರತೆಯನ್ನು ನಾನು ಸಣ್ಣದು ಎನ್ನಲಾರೆ.

ಈಗ ನಮ್ಮ ಕಡೆಗೆ ಬರೋಣ. ದೂರದ ಕಾಡಿನ ಕಥೆ ನಮ್ಮ ಹಿಮಾಲಯಕ್ಕೆ ಹೊಂದುತ್ತದೆಯೇ? ಕಾಶ್ಮೀರ ಪ್ರಶ್ನೆಗೆ ಇದನ್ನು ಇದ್ದಂತೆಯೇ ತಂದು ಹಚ್ಚಲು ಆಗುವುದಿಲ್ಲ. ಅಲ್ಲಿರುವುದು ಜನ ವಿರಳವಾದ 78 ಕಿಲೋಮೀಟರ್ ಕಾಡಲ್ಲ, ಲಕ್ಷಾಂತರ ಜನರ ಊರು. ಭಯೋತ್ಪಾದನೆಯ ರಕ್ತ ಇದೆ, ಎರಡೂ ಕಡೆ ಅಣ್ವಸ್ತ್ರ ಇದೆ. 1972ರ ಶಿಮ್ಲಾ ಒಪ್ಪಂದದ ನಂತರ ಭಾರತ ಮೂರನೆಯವರನ್ನು ನಡುವೆ ಬಿಟ್ಟುಕೊಳ್ಳುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯಾದ ಮೇಲೆ ಸಿಂಧೂ ಜಲ ಒಪ್ಪಂದವನ್ನು ಭಾರತ ತಡೆಹಿಡಿಯಿತು. ಮೇ ತಿಂಗಳಲ್ಲಿ ನಾಲ್ಕು ದಿನ ಕ್ಷಿಪಣಿ, ಡ್ರೋನುಗಳ ಕಾಳಗವೇ ನಡೆಯಿತು. ಇಂಥ ಹೊತ್ತಿನಲ್ಲಿ ರಾಜಿಯ ಮಾತೆತ್ತುವುದು ಸುಲಭವಲ್ಲ.

ಆದರೆ ಭಾರತ, ಪಾಕಿಸ್ತಾನ ಎಂಬ ಇದೇ ಎರಡು ದೇಶಗಳು ಒಮ್ಮೆ ಗಡಿ ಜಗಳವನ್ನು ಪಂಚರ ಮುಂದಿಟ್ಟು ಮುಗಿಸಿಕೊಂಡಿವೆ. 1965ರಲ್ಲಿ ಕಛ್‌ನ ರಣದಲ್ಲಿ ಕಾದಾಡಿದ ನಂತರ ಮೂವರ ನ್ಯಾಯಮಂಡಳಿಗೆ ಒಪ್ಪಿದರು. ಭಾರತ ಯುಗೊಸ್ಲಾವಿಯದವರೊಬ್ಬರನ್ನು, ಪಾಕಿಸ್ತಾನ ಇರಾನಿನವರೊಬ್ಬರನ್ನು ಹೆಸರಿಸಿತು. ಸ್ವೀಡನ್ನಿನ ನ್ಯಾಯಾಧೀಶರು ಅಧ್ಯಕ್ಷರಾದರು. 1968ರ ಫೆಬ್ರುವರಿಯಲ್ಲಿ ಬಂದ ತೀರ್ಪಿನಂತೆ ಪಾಕಿಸ್ತಾನ ಕೇಳಿದ್ದರಲ್ಲಿ ಹತ್ತನೇ ಒಂದು ಭಾಗ ಅದಕ್ಕೆ ಹೋಯಿತು, ಉಳಿದದ್ದು ಭಾರತಕ್ಕೆ. ಸಿಟ್ಟು ಎದ್ದಿತು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇದು ಗಡಿ ವಿವಾದದ ತೀರ್ಮಾನ, ದೇಶದ ನೆಲ ಬಿಟ್ಟುಕೊಟ್ಟಂತಲ್ಲ, ಹಾಗಾಗಿ ಸಂವಿಧಾನ ತಿದ್ದುಪಡಿ ಬೇಕಿಲ್ಲ ಎಂದು 1969ರಲ್ಲಿ ಕೋರ್ಟು ಹೇಳಿತು. ಬೇರುಬಾರಿ ಎಂಬ ಬಂಗಾಳದ ಊರಿನ ವಿಷಯದಲ್ಲಿ 1960ರಲ್ಲಿ ಅದೇ ಕೋರ್ಟು ತಿದ್ದುಪಡಿ ಬೇಕೇ ಬೇಕು ಎಂದಿತ್ತು. ಅದು ನಿಸ್ಸಂಶಯವಾಗಿ ಭಾರತದ್ದಾಗಿದ್ದ ನೆಲವನ್ನು ಕೊಡುವ ಮಾತು. ಗಡಿ ಮಾತುಕತೆಗೆ ಕೂರುವ ಯಾವ ಪ್ರಧಾನಿಯೂ ಈ ಎರಡು ತೀರ್ಪುಗಳ ನಡುವಿನ ಅಂತರವನ್ನು ತಿಳಿದಿರಬೇಕು. ಕೆಲಸ ಸಂಪುಟದ ಸಹಿಯಿಂದ ಆಗುತ್ತದೆಯೋ ಸಂಸತ್ತಿನ ಮೂರನೇ ಎರಡರಷ್ಟು ಮತ ಬೇಕೋ ಎಂಬುದು ಅದರ ಮೇಲೆ ನಿಂತಿದೆ.

ಬಾಂಗ್ಲಾದೇಶದೊಡನೆ ಆ ಎರಡನೆಯ ದಾರಿಯನ್ನೇ ಹಿಡಿದೆವು. ಎರಡೂ ದೇಶಗಳೊಳಗೆ ದ್ವೀಪಗಳಂತೆ ಸಿಕ್ಕಿಕೊಂಡಿದ್ದ 162 ತುಣುಕುಗಳ ವಿನಿಮಯಕ್ಕೆ 1974ರಲ್ಲಿ ಒಪ್ಪಂದವಾಯಿತು. 2015ರ ಮೇ ತಿಂಗಳಲ್ಲಿ ನೂರನೇ ತಿದ್ದುಪಡಿ ಎರಡೂ ಸದನಗಳಲ್ಲಿ ಒಂದೂ ವಿರೋಧವಿಲ್ಲದೆ ಅಂಗೀಕಾರವಾಯಿತು. ಭಾರತ 17,160 ಎಕರೆ ಕೊಟ್ಟು 7,110 ಎಕರೆ ಪಡೆಯಿತು. ಹತ್ತು ಸಾವಿರ ಎಕರೆ ಹೆಚ್ಚು ಕೊಟ್ಟೆವೆಂಬ ಕೊರಗು ದೇಶದಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಆ ತುಣುಕುಗಳಲ್ಲಿ ಯಾವ ದೇಶದ ರೇಷನ್ ಕಾರ್ಡೂ ಇಲ್ಲದೆ ಬದುಕಿದ್ದ ಐವತ್ತು ಸಾವಿರ ಜನರಿಗೆ ತಮ್ಮ ಪೌರತ್ವವನ್ನು ತಾವೇ ಆರಿಸಿಕೊಳ್ಳುವ ಹಕ್ಕು ಸಿಕ್ಕಿತು. ಇಲ್ಲಿ ಜನರನ್ನು ಎಣಿಸಿದ್ದರು, ಕೇಳಿದ್ದರು.

ಸೆನೆಪಾವನ್ನು ನಿಜವಾಗಿ ಹೋಲುವ ಜಾಗ ನಮ್ಮಲ್ಲಿರುವುದು ಸಿಯಾಚಿನ್. 1949ರ ಕರಾಚಿ ಒಪ್ಪಂದದಲ್ಲಿ ಕದನವಿರಾಮ ರೇಖೆಯನ್ನು ಎಳೆಯುತ್ತ ಹೋದವರು ಎನ್‌ಜೆ 9842 ಎಂಬ ಬಿಂದುವಿನ ಹತ್ತಿರ ಬಂದು, ಅಲ್ಲಿಂದ ಉತ್ತರಕ್ಕೆ ಹಿಮನದಿಗಳವರೆಗೆ ಎಂದಷ್ಟೇ ಬರೆದು ನಿಲ್ಲಿಸಿದರು. ಮನುಷ್ಯರು ಹೋಗಲಾರದ ಜಾಗಕ್ಕೆ ಗೆರೆ ಯಾಕೆ ಎಂದುಕೊಂಡರು. 1972ರಲ್ಲೂ ಅದನ್ನು ತುಂಬಲಿಲ್ಲ. ಉತ್ತರಕ್ಕೆ ಎಂದರೆ ಎತ್ತ? ಭಾರತದ ಪ್ರಕಾರ ಸಾಲ್ತೊರೊ ಬೆಟ್ಟದ ನೆತ್ತಿಯ ಮೇಲೆ, ಪಾಕಿಸ್ತಾನದ ಪ್ರಕಾರ ಈಶಾನ್ಯಕ್ಕೆ ಕಾರಕೋರಂ ಕಣಿವೆಯತ್ತ. 1984ರ ಏಪ್ರಿಲ್ 13ರಂದು ಭಾರತದ ಸೈನಿಕರು ಮೇಲೇರಿ ನಿಂತರು, ಇಂದಿಗೂ ಅಲ್ಲೇ ಇದ್ದಾರೆ. ಗುಂಡಿಗಿಂತ ಹೆಚ್ಚಾಗಿ ಚಳಿ, ಹಿಮಪಾತಗಳೇ ಅಲ್ಲಿ ಕೊಲ್ಲುತ್ತವೆ. 2012ರ ಏಪ್ರಿಲ್‌ನಲ್ಲಿ ಗಯಾರಿಯಲ್ಲಿ ಪಾಕಿಸ್ತಾನದ 140 ಮಂದಿ ಒಂದೇ ಹಿಮಕುಸಿತದಲ್ಲಿ ಹೂತುಹೋದರು. 2016ರ ಫೆಬ್ರುವರಿ 3ರಂದು 19,600 ಅಡಿ ಎತ್ತರದ ನೆಲೆಯ ಮೇಲೆ ಹಿಮ ಕುಸಿದು ನಮ್ಮ ಹತ್ತು ಯೋಧರು ಅಡಿಯಲ್ಲಿ ಸಿಕ್ಕಿಕೊಂಡರು. ಆರನೆಯ ದಿನ ಜೀವಂತ ಸಿಕ್ಕವರು ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ. ಆ ಎರಡು ಮೂರು ದಿನ ಕರ್ನಾಟಕದಲ್ಲಿ ಅವರಿಗಾಗಿ ಹರಕೆ ಕಟ್ಟದ ಊರಿರಲಿಲ್ಲ. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಸಿಯಾಚಿನ್‌ನಲ್ಲಿ ಬಿಟ್ಟುಹೋಗಬೇಕಾದ ಊರಿಲ್ಲ, ಹೊಲವಿಲ್ಲ. 2003ರ ನವೆಂಬರಿನಿಂದ ಅಲ್ಲಿ ಕದನವಿರಾಮವಿದೆ. ಇಬ್ಬರೂ ಇಳಿದುಬಂದು ಆ ಎತ್ತರವನ್ನು ವಿಜ್ಞಾನಿಗಳಿಗೂ ಪರ್ವತಾರೋಹಿಗಳಿಗೂ ಶಾಂತಿವನವಾಗಿ ಬಿಡಬಹುದು ಎಂಬ ಸಲಹೆ ಹಳೆಯದು. 2005ರಲ್ಲಿ ಅಲ್ಲಿಗೆ ಹೋದ ಪ್ರಧಾನಿ ಮನಮೋಹನ್ ಸಿಂಗ್ ಅವರೂ ಅದನ್ನು ಶಾಂತಿಯ ಶಿಖರ ಮಾಡಬೇಕು ಎಂಬ ಮಾತಾಡಿದರು. ಸೇನೆಗಳನ್ನು ಬೇರೆಡೆಗೆ ಸರಿಸುವ ಬಗ್ಗೆ 1989ರ ಜೂನ್‌ನಲ್ಲಿ ಎರಡೂ ದೇಶಗಳ ರಕ್ಷಣಾ ಕಾರ್ಯದರ್ಶಿಗಳು ಜಂಟಿ ಹೇಳಿಕೆಯನ್ನೇ ಕೊಟ್ಟಿದ್ದರು. ಎಲ್ಲ ಸಲವೂ ಕೆಲಸ ನಿಂತದ್ದು ಒಂದೇ ಕಡೆ. ಇಳಿಯುವ ಮೊದಲು ಇಂದು ಯಾರ ನೆಲೆ ಎಲ್ಲಿದೆ ಎಂದು ನಕ್ಷೆಯ ಮೇಲೆ ಗುರುತಿಸಿ ಇಬ್ಬರೂ ಸಹಿ ಹಾಕೋಣ ಎನ್ನುತ್ತದೆ ಭಾರತ. 1999ರಲ್ಲಿ ಕಾರ್ಗಿಲ್ ಕಂಡವರಿಗೆ ಇದು ಅತಿಯಾದ ಅನುಮಾನ ಎನಿಸುವುದಿಲ್ಲ, ಖಾಲಿ ಮಾಡಿದ ನೆತ್ತಿಗೆ ಇನ್ನೊಬ್ಬ ಹತ್ತಿ ಕೂತರೆ ಮತ್ತೆ ಏರಲು ಆಗುವುದಿಲ್ಲ. ಸಹಿ ಹಾಕಿದರೆ ಭಾರತ ಅಲ್ಲಿ ಇರುವುದನ್ನೇ ಒಪ್ಪಿದಂತಾಗುತ್ತದೆ ಎನ್ನುತ್ತದೆ ಪಾಕಿಸ್ತಾನ. ಎಲ್ಲಿ ನಿಂತಿದ್ದೇವೆ ಎಂಬುದನ್ನು, ಅದು ಯಾರದು ಎಂಬ ಪ್ರಶ್ನೆಯಿಂದ ಬೇರ್ಪಡಿಸಿ ಬರೆಯುವ ಒಂದು ವಾಕ್ಯ ಬೇಕು. ಪೆರು ಮತ್ತು ಈಕ್ವೆಡಾರ್ 1995ರಲ್ಲಿ ಕಂಡುಕೊಂಡ ಮೊದಲ ಮಾತುಗಳು ಅಂಥವೇ ಆಗಿದ್ದವು. ಸಾಲ್ತೊರೊ ನೆಲೆಗಳ ಆ ನಕ್ಷೆಯ ಮೇಲೆ ಎರಡು ಸಹಿಗಳು ಇನ್ನೂ ಬಿದ್ದಿಲ್ಲ.